ಅಂಗೈಗೆ ಹಚ್ಚುವ ಲೋಳೆ

ಹೊಗೆಸೊಪ್ಪಿನ ಸೀಮೆಯಲ್ಲಿ ಕೈ ನೋಡಿ ಕಣಿ ಹೇಳುವವಳು ಉಪವಾಸವೇ ಬೀಳಬೇಕು. ಗೆರೆ ಯಾವುದು, ಬಿರುಕು ಯಾವುದು ಎಂದು ಆ ಶಿವನಿಗೂ ತಿಳಿಯದು. ಹಾರನಹಳ್ಳಿ ಕಡೆಯ ನೀಲಾಂಬಿಕೆಯ ಕೈಯೂ ಅಂಥದ್ದೇ. ಸುಗ್ಗಿ ಶುರುವಾದರೆ ಹಸಿ ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬಿಸಿಗಾಳಿಯಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ತುಂಬಬೇಕು. ಸೊಪ್ಪಿನ ಜಿಗಟು ಡಾಂಬರಿನ ಹಾಗೆ ಕೈಗೆ ಮೆತ್ತಿಕೊಳ್ಳುತ್ತದೆ. ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿದರೆ ಜಿಗಟಿನ ಜೊತೆ ಚರ್ಮವೂ ಹೋಗುತ್ತದೆ. ವಯಸ್ಸಿದ್ದಾಗ ಬೇಗ ಮಾಯುತ್ತಿತ್ತು. ಐವತ್ತು ದಾಟಿದ ಮೇಲೆ ಮಾಯುವುದೇ ಇಲ್ಲ.

ಮುದ್ದೆ ಮುರಿಯುವಾಗ ಉರಿದರೆ ಹೇಗೋ ಸಹಿಸಿಕೊಂಡಾಳು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ನೀರೆರೆದು ವಿಭೂತಿ ಹಚ್ಚಿದರೆ, ಬಿರುಕಿಗೆ ಖಾರ ತುಂಬಿದಂತಾಗುತ್ತಿತ್ತು. ಮನಸ್ಸು ಲಿಂಗದ ಮೇಲೆ ನಿಲ್ಲದೆ ಉರಿಯ ಮೇಲೆ ನಿಲ್ಲುತ್ತಿತ್ತು. ಕೊನೆಗೆ ಲಿಂಗವನ್ನು ತಟ್ಟೆಯಲ್ಲಿಟ್ಟೇ ಪೂಜೆ ಮುಗಿಸತೊಡಗಿದಳು. ಚಿಕ್ಕಂದಿನಿಂದ ಅಂಗೈಯಲ್ಲೇ ಪೂಜೆಗೊಂಡ ಲಿಂಗ ಸ್ಟೀಲ್ ತಟ್ಟೆಯಲ್ಲಿ ಕೂತದ್ದನ್ನು ನೋಡಿದರೆ ಅಳು ಬರುತ್ತಿತ್ತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಪಿರಿಯಾಪಟ್ಟಣದಲ್ಲಿ ಸಂಘದ ಹೆಂಗಸರಿಗೆ ನಡೆದ ತರಬೇತಿಯಲ್ಲಿ ಮೇಡಂ ಒಬ್ಬರು ಎಣ್ಣೆ, ನೊರೆಯ ಪದಾರ್ಥ, ಅಂಟು ಮೂರನ್ನೂ ಕೂಡಿಸಿ ಚರ್ಮಕ್ಕೆ ಹಚ್ಚುವ ಜೆಲ್ ಮಾಡಿ ತೋರಿಸಿದ್ದರು. ಅವರ ಬಾಟಲಿಗಳು ಈ ಊರಲ್ಲಿ ಎಲ್ಲಿ ಸಿಗಬೇಕು? ನೀಲಾಂಬಿಕೆ ಮನೆಯಲ್ಲಿದ್ದದ್ದನ್ನೇ ಒಲೆಗಿಟ್ಟಳು. ಕಂಬಳಿಗೆ ಹಾಕುವಂಥ ಹುಣಸೆಬೀಜದ ಗಂಜಿ, ಹರಳೆಣ್ಣೆ, ಅಂಟುವಾಳದ ನೀರು. ಅಂಟುವಾಳ ಕಡಿಮೆಯಾದರೆ ಎಣ್ಣೆ ಮೇಲೆ, ಗಂಜಿ ಕೆಳಗೆ, ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಬೇರೆ ಬೇರೆ ಕೂರುತ್ತಿದ್ದವು. ಹೆಚ್ಚಾದರೆ ಬಿರುಕು ಉರಿಯುತ್ತಿತ್ತು. ದಿನವೆಲ್ಲ ಸೊಪ್ಪು ಕಟ್ಟಿ ಬಂದ ಮೇಲೆ ಈ ತಿರುಗಿಸುವ ಕೆಲಸ. ರಟ್ಟೆ ಬಿದ್ದುಹೋಗುತ್ತಿತ್ತು.

"ಅಂಬ್ಲಿ ಕಾಸು ಅಂದ್ರೆ ಇದೇನ್ ಕಾಸ್ತಿದ್ದೀಯೆ?" ಎಂದು ಗಂಡ ನೀಲಕಂಠಸ್ವಾಮಿ ರೇಗಿಸುತ್ತಿದ್ದ.

ಒಂದು ಸಂಜೆ ಅವಳು ಎಣ್ಣೆಯನ್ನು ಮೊದಲು ಅಂಟುವಾಳದ ನೀರಿನಲ್ಲೇ ಚೆನ್ನಾಗಿ ಕಡೆದು, ಬಿಸಿ ಗಂಜಿಗೆ ಸಣ್ಣಗೆ ಧಾರೆ ಬಿಟ್ಟಳು. ಆರಿದ ಮೇಲೆ ನೋಡಿದರೆ ಎಣ್ಣೆ ತೇಲಿರಲಿಲ್ಲ, ಗಂಜಿ ಒಡೆದಿರಲಿಲ್ಲ. ಮಂದವಾದ ಲೋಳೆ. ಹಚ್ಚಿದರೆ ತಂಪು. ಸೊಪ್ಪು ಕಟ್ಟುವ ಮಲ್ಲಾಜಮ್ಮ, ಕುಳ್ಳಮ್ಮ ಎಲ್ಲರಿಗೂ ಹಂಚಿದಳು.

"ನಿಮ್ಗೂ ಒಸಿ ಅಚ್ಲಾ?" ಎಂದು ಗಂಡನನ್ನು ಕೇಳಿದಳು.

"ನಂಗ್ಯಾಕೆ ಬುಡು. ಗಂಡಸ್ರ ಕೈಗೇನಾಗದೆ?" ಎಂದ. ಈಚೆಗೆ ಅವನು ಇವಳು ಏಳುವುದಕ್ಕೆ ಮೊದಲೇ ಪೂಜೆ ಮುಗಿಸಿ ಬ್ಯಾರನ್ ಕಡೆ ಹೋಗಿಬಿಡುತ್ತಿದ್ದ.

ಬಿರುಕು ಕೂಡಿಕೊಂಡಂತೆ ಕಂಡ ಸೋಮವಾರ ಬೆಳಿಗ್ಗೆ ಅವಳು ಧೈರ್ಯ ಮಾಡಿದಳು. ಉರಿಯದಿರಲೆಂದು ಇನ್ನೊಂದಿಷ್ಟು ಲೋಳೆ ಬಳಿದುಕೊಂಡು ಲಿಂಗವನ್ನು ಅಂಗೈಗಿಟ್ಟಳು. ಅದೇ ತಪ್ಪಾಯಿತು. ನೀರು ಬಿದ್ದದ್ದೇ ತಡ, ಅಂಗೈ ಪಾಚಿಯಂತೆ ಜಾರಿ ಲಿಂಗ ಅಂಚಿಗೆ ಬಂತು. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣವೇ ಹೋದಂತೆ ಎಂದು ನಂಬಿದ ಮನೆ ಅದು. ಸೋಮವಾರವೆಂದು ಬಿಲ್ವಪತ್ರೆ ಕೊಡಲು ಬ್ಯಾರನ್ ಕಡೆಯಿಂದ ಆಗಷ್ಟೇ ಬಂದಿದ್ದ ನೀಲಕಂಠಸ್ವಾಮಿ ಕೆಳಗೆ ಕೈಯೊಡ್ಡಿದ. ಇನ್ನೊಬ್ಬರ ಲಿಂಗ ಮುಟ್ಟಬಾರದೆಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಲಿಂಗ ಅವನ ಅಂಗೈಯಲ್ಲಿ ನಿಂತಿತು. ಆಗ ಅವಳು ಆ ಅಂಗೈ ನೋಡಿದಳು. ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೀಳಿತ್ತು. ರಕ್ತ ಹೆಪ್ಪುಗಟ್ಟಿತ್ತು. ಅವನು ಕದ್ದು ಪೂಜೆ ಮುಗಿಸುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು.

"ಯಾಕೇಳ್ಲಿಲ್ಲ?"

"ಅಷ್ಟು ಕಷ್ಟ ಪಟ್ಟು ಕಾಸಿದ್ದೀಯ. ನಿಂದು ಮೊದ್ಲು ಮಾಯ್ಲಿ ಅಂತ ಕಣೆ."

ಅವಳು ಕೈ ತೊಳೆದು ಒರೆಸಿಕೊಂಡು ಲಿಂಗವನ್ನು ವಾಪಸು ತೆಗೆದುಕೊಂಡು ಪೂಜೆ ಮುಗಿಸಿದಳು. ಉರಿಯಿತು, ಇರಲಿ ಎಂದುಕೊಂಡಳು. ಆಮೇಲೆ ಡಬ್ಬಿ ತೆರೆದರೆ ತಳದಲ್ಲಿ ಏನೂ ಉಳಿದಿರಲಿಲ್ಲ. ಊರಿಗೆಲ್ಲ ಹಂಚಿ, ಕೊನೆಯದನ್ನು ತಾನೇ ಬಳಿದುಕೊಂಡಿದ್ದಳು.

ಸೊಪ್ಪು ಕಟ್ಟಲು ಬರುವಂತೆ ಹೊರಗೆ ಮಲ್ಲಾಜಮ್ಮ ಕೂಗುತ್ತಿದ್ದಳು. ನೀಲಾಂಬಿಕೆ ಮಾತ್ರ ನೋಯುವ ರಟ್ಟೆಯಲ್ಲೇ ಹುಣಸೆಬೀಜ ಹುರಿಯಲು ಬಾಣಲೆ ಒಲೆಗಿಟ್ಟಳು.