ಹಳೇ ಕಂಪ್ಯೂಟರಿನೊಳಗೆ ತೋಡಿದ ಕಂದಕ

ಫೋನಿನಲ್ಲಿ ಕನ್ನಡ ಟೈಪು ಮಾಡಲು ಕಲಿತು ಹದಿನೈದು ದಿನವಾಯಿತು. ಮೊದಲು ಬರೆಯಬೇಕೆನಿಸಿದ್ದು ನಮ್ಮ ಯಜಮಾನರು ಸೋತ ಕಥೆ. ಅವರು ಕನ್ನಡಕ ಹುಡುಕುತ್ತಿದ್ದಾರೆ. ಅದು ನನ್ನ ಹತ್ತಿರ ಇದೆ, ಬರೆದಾದ ಮೇಲೆ ಕೊಡುತ್ತೇನೆ.

ಮಗಳ ಕಾಲೇಜಿಗೆಂದು ತಂದ ಕಂಪ್ಯೂಟರು ಅದು. ಅವಳು ಮದುವೆಯಾಗಿ ಮೂರ್ನಾಡಿಗೆ ಹೋದಳು, ಅದು ತಿತಿಮತಿಯಲ್ಲಿ ನಮ್ಮ ಹತ್ತಿರವೇ ಉಳಿಯಿತು. ಅದರಲ್ಲೊಂದು ಹಳೇ ಆಟ. ಪುಟ್ಟ ಮನುಷ್ಯನೊಬ್ಬ ಏಣಿ ಹತ್ತಿಳಿದು ಚಿನ್ನದ ಗಂಟುಗಳನ್ನೆಲ್ಲ ಎತ್ತಿಕೊಂಡು ಬಾಗಿಲು ಸೇರಬೇಕು, ಬೆನ್ನಟ್ಟುವ ಭೂತಗಳ ಕೈಗೆ ಸಿಗಬಾರದು. ಇದ್ದ ಲೆವೆಲುಗಳನ್ನೆಲ್ಲ ನಾವಿಬ್ಬರೂ ಆಡಿ ಮುಗಿಸಿದ ಮೇಲೆ, ನಮ್ಮದೇ ಲೆವೆಲು ಮಾಡಲೂ ಬರುತ್ತದೆಂದು ಗೊತ್ತಾಯಿತು. ಇಟ್ಟಿಗೆ, ಏಣಿ, ಜೋತುಬೀಳುವ ಸರಳು, ಗಂಟು, ಭೂತ, ಬೇಕಾದಲ್ಲಿ ಇಡಬಹುದು. ಒಂದೇ ಕಟ್ಟಳೆ, ಮಾಡಿದವರು ತಾವೇ ಒಮ್ಮೆ ಗೆಲ್ಲದಿದ್ದರೆ ಲೆವೆಲು ಉಳಿಯುವುದಿಲ್ಲ. ಒಬ್ಬರು ಮಾಡುವುದು, ಇನ್ನೊಬ್ಬರು ಆಡುವುದು. ನಾನು ಎರಡು ದಿನ ಕೂತು ಮಾಡಿದ್ದನ್ನು ಅವರು ಎರಡು ನಿಮಿಷದಲ್ಲಿ ದಾಟಿಬಿಡುತ್ತಿದ್ದರು.

ಈ ಸಲ ಮಳೆ ಹಿಡಿಯುವ ಮೊದಲು ಅವರು ಹೇಳಿದರು, "ಶನಿವಾರ ಗುಜರಿಯವರು ಬರ್ತಾರೆ. ಈ ಡಬ್ಬ ಕೊಟ್ಟುಬಿಡುವ. ಮೆಣಸಿನ ಚೀಲ ಇಡ್ಲಿಕ್ಕೆ ಜಾಗ ಆಗ್ತದೆ."

"ನನ್ನ ಲೆವೆಲೆಲ್ಲ ಅದ್ರಲ್ಲೇ ಉಂಟಲ್ಲ."

"ನಿನ್ನ ಲೆವೆಲಾ? ಅಂಗನವಾಡಿ ಮಕ್ಕಳು ದಾಟ್ತಾವೆ ಮಾರಾಯ್ತಿ."

"ಹಾಗಾದ್ರೆ ಇನ್ನೊಂದು ಮಾಡ್ತೇನೆ. ಗುಜರಿಯವರು ಗೇಟಿಗೆ ಬರೋದ್ರೊಳಗೆ ನೀವು ದಾಟಿದ್ರೆ ಡಬ್ಬ ಹೋಗ್ಲಿ. ದಾಟ್ಲಿಲ್ಲಾಂದ್ರೆ ಮೆಣಸು ನಿಮ್ಮ ಮಂಚದ ಕೆಳಗೆ."

ನಕ್ಕು ಒಪ್ಪಿದರು.

ನಮ್ಮ ತೋಟವನ್ನೇ ಮಾಡಿದೆ. ಕಾಫಿ ಒಣಗಿಸುವ ಕಣ, ಕೆಲಸದವರ ಲೈನ್ ಮನೆ, ಏಣಿಗಳೆಲ್ಲ ಸಿಲ್ವರ್ ಓಕ್ ಮರ, ಸರಳುಗಳು ಅದರ ಕೊಂಬೆ. ಭೂತಗಳು ಆನೆಗಳು. ತೋಟ ಎಂದ ಮೇಲೆ ಆನೆ ತಡೆಯಲು ಕಂದಕ ಬೇಡವೇ? ಎರಡೂ ಅಂಚಿಗೆ ಚೆನ್ನಾಗಿ ತೋಡಿ, ಬಾಗಿಲನ್ನು ಆಚೆ ರಸ್ತೆಯಲ್ಲಿಟ್ಟೆ. ಆಡಲು ಕೂತಾಗಲೇ ತಿಳಿದದ್ದು, ಆನೆಗಳನ್ನು ಒಳಗೇ ಬಿಟ್ಟುಕೊಂಡು ಕಂದಕ ತೋಡಿದ್ದೆ. ಅವೂ ಹೊರಗೆ ಹೋಗುವಂತಿಲ್ಲ, ನಾನೂ ಹೋಗುವಂತಿಲ್ಲ. ಬಿದ್ದರೆ ಮೇಲೆ ಬರಲು ದಾರಿಯಿಲ್ಲ. ಪಕ್ಕದ ತೋಟದವರು ನಿಜವಾಗಿಯೂ ಹೀಗೆ ಮಾಡಿಕೊಂಡಾಗ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ.

ಶುಕ್ರವಾರ ಸಂಜೆಯಾಯಿತು. ಅಳಿಸಿ ಹೊಸದು ಮಾಡಲು ಹೊತ್ತಿಲ್ಲ. ಇನ್ನೊಮ್ಮೆ ಆಡುವಾಗ ಆನೆಯೊಂದು ಅಟ್ಟಿಸಿಕೊಂಡು ಬಂತು. ಅಂಚಿನ ಮರ ಹತ್ತಿ, ಕಂದಕದ ಮೇಲೆ ಚಾಚಿದ್ದ ಕೊಂಬೆಗೆ ಜೋತುಬಿದ್ದೆ. ಕೊಂಬೆ ಆಚೆ ದಡ ಮುಟ್ಟುತ್ತಿರಲಿಲ್ಲ. ಆನೆ ನೇರ ನನ್ನ ಕೆಳಗೆ ಬರಲು ಹೋಗಿ ಕಂದಕಕ್ಕೆ ಬಿತ್ತು. ಹಿಂದೆಯೇ ನಾನೂ ಬಿದ್ದೆ, ಅದರ ಬೆನ್ನ ಮೇಲೆ. ಮುಂದಕ್ಕೆ ಒಂದು ಹೆಜ್ಜೆ ಇಟ್ಟೆ, ರಸ್ತೆ. ಲೆವೆಲು ಉಳಿಯಿತು. ಯಾರಿಗೂ ಹೇಳದೆ ಹೋಗಿ ಅಕ್ಕಿ ತೊಳೆದೆ.

ಶನಿವಾರ ಬೆಳಿಗ್ಗೆ ಅವರು ಗಂಟುಗಳನ್ನೆಲ್ಲ ಕ್ಷಣದಲ್ಲಿ ಬಾಚಿಕೊಂಡರು. ಆಮೇಲೆ ಶುರುವಾಯಿತು ಓಟ. ನಲವತ್ತು ವರ್ಷ ತೋಟ ಮಾಡಿದವರು. ಆನೆ ಇತ್ತ ಬಂದರೆ ಕಾಲು ತಾನೇ ಅತ್ತ ಓಡುತ್ತದೆ. ಎಷ್ಟು ಸಲ ಕಂದಕಕ್ಕೆ ಬಿದ್ದರೋ. ನಾನು ಪಕ್ಕದಲ್ಲಿ ಹಲಸಿನ ಬೀಜ ಸುಲಿಯುತ್ತ ಕೂತಿದ್ದೆ.

"ಇದು ದಾಟ್ಲಿಕ್ಕೆ ಆಗುವಂಥದ್ದಲ್ಲ. ಎಂತದೋ ಮೋಸ ಮಾಡಿದ್ದಿ."

"ನಾನು ದಾಟದೆ ಅದು ಉಳೀತದಾ?"

ಅವರು ಮತ್ತೆ ಆಡಿದರು, ಮತ್ತೆ ಕಂದಕಕ್ಕೆ ಬಿದ್ದರು.

"ಆನೆಗೆ ಇಷ್ಟು ಹೆದರಿದ್ರೆ ಹೇಗೆ?" ಎಂದೆ.

"ಆನೆ ಹತ್ರ ಬರುವಾಗ ನಿಂತು ನೋಡುವ ಬುದ್ಧಿವಂತರು ತಿತಿಮತಿಯಲ್ಲಿ ಯಾರೂ ಇಲ್ಲ. ಸುಮ್ನೆ ಕೂತ್ಕೊ."

ನಗು ತಡೆಯಲು ಒಂದು ಬೀಜ ಹಸಿಯದ್ದೇ ಬಾಯಿಗೆ ಹಾಕಿಕೊಂಡೆ.

ಗೇಟಿನ ಸದ್ದಾಯಿತು. ಗುಜರಿಯವರು ಚೀಲ ಹಿಡಿದು ಒಳಗೇ ಬಂದರು. "ಕಂಪ್ಯೂಟರ್ ಕೊಡ್ತೇನೆ ಅಂದಿದ್ರಲ್ಲ ಸಾರ್?"

ಯಜಮಾನರು ತಲೆ ತಿರುಗಿಸಲಿಲ್ಲ. "ಈಗ ಆಗೋದಿಲ್ಲ. ಕೆಲಸದಲ್ಲಿದ್ದೇನೆ."

ಗುಜರಿಯವರು ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. "ಆನೆ ಯಾಕೆ ಸಾರ್ ನಿಮ್ಮನ್ನೇ ಓಡಿಸ್ತದೆ?"

"ತೋಟ ನಂದಲ್ವಾ."

ಹಳೇ ಪೇಪರಿನ ಕಟ್ಟು ಕೊಟ್ಟು ಕಳಿಸಿದೆ. ಮೆಣಸನ್ನು ಯಜಮಾನರ ಮಂಚದ ಕೆಳಗೆ ನಾನೇ ತಳ್ಳಿದೆ.

ಪಂದ್ಯ ಮುಗಿದರೂ ಅವರು ಬಿಟ್ಟಿಲ್ಲ, ದಿನಾ ಆಡುತ್ತಾರೆ. ನಿನ್ನೆ ಅಂಚಿನ ಮರ ಹತ್ತಿ ಕೊಂಬೆ ಹಿಡಿದು, ಆನೆ ಬರುವುದನ್ನು ನೋಡುತ್ತ ಅಲ್ಲೇ ನಿಂತುಬಿಟ್ಟರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಗುಟ್ಟು ಸಿಕ್ಕಿಬಿಡುತ್ತಿತ್ತು. ಅನ್ನ ಇನ್ನೂ ಬೆಂದಿರಲಿಲ್ಲ, ಆದರೂ ಊಟಕ್ಕೆ ಕರೆದೆ.