ಟಪಾಲಿನಲ್ಲೇ ಬರಬೇಕಾದ ಸಹಿ

ನಮ್ಮ ಭಾವನಿಗೆ ಬರುವ ಕಾಗದಗಳ ಮೇಲೆಲ್ಲ ವಿಳಾಸ ಅವರ ಕೈಬರಹದಲ್ಲೇ ಇರುತ್ತದೆ. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಕೆಲವು ದಿನ ಸುಮ್ಮನೆ ನೋಡಿದ. ಆಮೇಲೆ ತಡೆಯಲಾರದೆ ನಮ್ಮ ಅಕ್ಕನನ್ನು ಗೇಟಿನ ಹತ್ತಿರ ಕರೆದು ಪಿಸುಗುಟ್ಟಿದ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಯಜಮಾನ್ರು ತಮಗೆ ತಾವೇ ಕಾಗದ ಬರ್ಕೊಳ್ತಾರಾ? ಮನೇಲಿ ಎಲ್ಲ ಸರಿಯಾಗಿದೆ ತಾನೆ?"

ಅಕ್ಕ ನಕ್ಕು ನಕ್ಕು ಗೇಟು ಹಿಡಿದುಕೊಂಡು ನಿಂತಳು. "ನೀವಾದ್ರೂ ಕಂಡುಹಿಡಿದ್ರಲ್ಲ! ಮದುವೆ ಆದಾಗಿನಿಂದ ನನಗೂ ಇದೇ ಅನುಮಾನ" ಅಂದಳು.

ವಿಷಯ ಇಷ್ಟೆ. ಭಾವನಿಗೆ ದೊಡ್ಡವರ ಸಹಿ ಕೂಡಿಸುವ ಹುಚ್ಚು. ಸಿನಿಮಾದವರು, ಆಟಗಾರರು, ಹಾಡುವವರು, ಒಬ್ಬ ಜಾದೂಗಾರ, ಸಮುದ್ರ ಈಜಿ ದಾಟಿದ ಒಬ್ಬಾಕೆ, ಎಲ್ಲರಿಗೂ ಬರೆಯುತ್ತಾರೆ. ಒಂದು ಕಾಗದ, ಆ ಮಹಾನುಭಾವರದ್ದೇ ಒಂದು ಫೋಟೊ, ಫೋಟೊ ಮುರಿಯದಿರಲೆಂದು ಒಂದು ರಟ್ಟು, ಜೊತೆಗೆ ತಮ್ಮ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಇನ್ನೊಂದು ಕವರು. ಅವರು ಸಹಿ ಗೀಚಿ, ಆ ಕವರಿಗೆ ತುರುಕಿ, ಡಬ್ಬಕ್ಕೆ ಹಾಕಿದರೆ ಆಯಿತು. ಹೀಗಾಗಿ ನಮ್ಮ ಮನೆಗೆ ಬರುವ ಸಂತೋಷಗಳೆಲ್ಲ ಭಾವನ ಕೋಳಿಕಾಲಿನ ಅಕ್ಷರ ಹೊತ್ತೇ ಬರುತ್ತವೆ.

ಹೊಟ್ಟೆಪಾಡಿಗೆ ಅವರದು ಲಿಫ್ಟ್ ರಿಪೇರಿ. ಪೇಟೆಯ ಅರ್ಧ ಕಟ್ಟಡಗಳ ವಾಚ್‌ಮನ್‌ಗಳಿಗೆ ಅವರು "ಲಿಫ್ಟಣ್ಣ". ಆಳು ದಪ್ಪ, ಮಾತು ಅದಕ್ಕಿಂತ ದಪ್ಪ. ಹೆಗಲ ಚೀಲದ ಒಂದು ಖಾನೆಯಲ್ಲಿ ಸ್ಪ್ಯಾನರುಗಳು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಸುತ್ತಿದ ಕವರುಗಳು. ಉತ್ತರ ಬಂದ ದಿನ ಮೊದಲು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಯುತ್ತಾರೆ, ಗ್ರೀಸು ತಾಗಿದರೆ ಪ್ರಾಣ ಹೋದಂತೆ. ಆಮೇಲೆ ಕಿಟಕಿಯ ಪಕ್ಕದ ಮೇಜಿಗೆ ಕೂತು, ಕವರು ಸೀಳಿ, ಫೋಟೊವನ್ನು ಬೆಳಕಿಗೆ ಓರೆ ಹಿಡಿದು, ಭೂತಗನ್ನಡಿಯಲ್ಲಿ ಇಂಚಿಂಚೂ ನೋಡುತ್ತಾರೆ. ಪೆನ್ನು ಒತ್ತಿದ ಗುರುತು ಇದೆಯೇ, ಇಲ್ಲ ಯಾರೋ ಗುಮಾಸ್ತ ರಬ್ಬರ್ ಸ್ಟಾಂಪು ಕುಟ್ಟಿದ್ದಾನೆಯೇ? ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಸೀನುವಂತಿಲ್ಲ. ಕೊನೆಗೆ ತೀರ್ಪು. "ಅಚ್ಚು" ಅಂದರೆ ಆ ರಾತ್ರಿ ಊಟ ಸೇರುವುದಿಲ್ಲ. "ಅಸಲಿ" ಅಂದರೆ ಎದ್ದು ಮೇಜಿನ ಸುತ್ತ ಒಂದು ಸುತ್ತು ಕುಣಿತ. ಕೆಳಗಿನ ಮನೆಯ ಟೀಚರಮ್ಮ ಪೊರಕೆಯ ಹಿಡಿಯಿಂದ ತಮ್ಮ ಸೂರು ಕುಟ್ಟುವವರೆಗೂ ಕುಣಿಯುತ್ತಾರೆ.

ಇಷ್ಟೆಲ್ಲ ಇದ್ದೂ ಅವರ ಆಲ್ಬಮ್ಮಿನ ಮೊದಲ ಪುಟ ಖಾಲಿ. ಅದು ಗುಳಿಕೆನ್ನೆಯ ಪುಟ.

ಗುಳಿಕೆನ್ನೆ ಅಂದರೆ ನಮ್ಮ ಅಕ್ಕನ ಪ್ರಾಯದ ಕಾಲದಲ್ಲಿ ತೆರೆಯ ಮೇಲೆ ನಗುತ್ತಿದ್ದ ನಟಿ. ಜನಕ್ಕೆ ಆಕೆಯ ನಿಜವಾದ ಹೆಸರು ಮರೆತೇಹೋಗಿತ್ತು, ಕೆನ್ನೆಯ ಗುಳಿ ಮಾತ್ರ ನೆನಪು. ಅಕ್ಕ ಆಗ ಒಂದು ಆಫೀಸಿನಲ್ಲಿ ಟೈಪಿಸ್ಟು. ಆ ಆಫೀಸಿನ ಲಿಫ್ಟು ಇದ್ದಕ್ಕಿದ್ದಂತೆ ವಾರವಾರವೂ ಕೆಡತೊಡಗಿತು, ಯಾಕೆಂದು ಲಿಫ್ಟಿಗೂ ಭಾವನಿಗೂ ಮಾತ್ರ ಗೊತ್ತು. ಕೊನೆಗೊಂದು ದಿನ ಮೆಟ್ಟಿಲ ಮೇಲೆ ಅಡ್ಡ ನಿಂತು ಮದುವೆ ಮಾತು ಕೇಳಿಯೇಬಿಟ್ಟರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಗುಳಿಕೆನ್ನೆ ಹತ್ರ ಸಹಿ ತರ್ಸಿಕೊಡಿ, ಆಮೇಲೆ ನೋಡೋಣ" ಅಂದಳಂತೆ.

ಬೇರೆ ಯಾರಾದರೂ ಆಗಿದ್ದರೆ ತಮಾಷೆ ಎಂದು ನಕ್ಕು ಹೋಗುತ್ತಿದ್ದರು. ನಮ್ಮ ಭಾವ ಅಂದು ಸಂಜೆಯೇ ಕಾಗದ ಬರೆದರು. ಉತ್ತರ ಬರಲಿಲ್ಲ. ಕಾಗದ ಬರೆಯುವುದು ತಮಗೆ ಬರುವುದಿಲ್ಲವೇನೋ ಎಂದು ಕೈ ಪಳಗಿಸಿಕೊಳ್ಳಲು ಒಬ್ಬ ಆಟಗಾರನಿಗೆ ಬರೆದರು. ಬಂತು! ಜಾದೂಗಾರನಿಗೆ ಬರೆದರು. ಬಂತು! ಹುಚ್ಚು ಹತ್ತಿತು. ಗುಳಿಕೆನ್ನೆ ಮಾತ್ರ ಜಪ್ಪಯ್ಯ ಅಂದರೂ ಉತ್ತರಿಸಲಿಲ್ಲ. ಅಕ್ಕನಿಗೆ ಅಯ್ಯೋ ಅನ್ನಿಸಿ ಮದುವೆಯಾದಳು, ಆದರೆ ಷರತ್ತು ಬಿಡಲಿಲ್ಲ. ಇವತ್ತಿಗೂ ಜಗಳ ಬಂದಾಗಲೆಲ್ಲ ಅದೇ ಮಾತು. "ನಾನಿನ್ನೂ ಒಪ್ಪಿಲ್ಲ ರೀ, ನೆನಪಿರಲಿ."

ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ. ಭಾವನೂ ನಗುತ್ತಾರೆ. ಆದರೆ ಒಂದು ಸಲ ನನ್ನೊಬ್ಬಳ ಹತ್ತಿರ ಹೇಳಿದ್ದರು. "ತಮಾಷೆಗೆ ಅಂತಾಳೆ, ಗೊತ್ತು ಕಣೇ. ಆದ್ರೂ ಅವಳ ಬಾಯಲ್ಲಿ ಸರಿಯಾಗಿ ಒಂದ್ಸಲ 'ಹೂಂ' ಅನ್ನಿಸ್ಕೋಬೇಕು. ಇಷ್ಟು ವರ್ಷ ಆದ್ರೂ ಅನ್ಲೇ ಇಲ್ಲ ನೋಡು." ನನಗೆ ಅಂದು ಅಕ್ಕನ ಮೇಲೆ ಕೋಪವೇ ಬಂದಿತ್ತು. ಒಂದು ಹೂಂ ಅನ್ನಲು ಅವಳ ಗಂಟೇನು ಹೋಗುತ್ತಿತ್ತು?

ಈಗ ನನ್ನ ವಿಷಯ. ನಾನು ಒಂದು ಕಟ್ಟಡದ ಐದನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಮುಂದೆ ಫೋನು ಎತ್ತುವ ಕೆಲಸದವಳು. ಹೋದ ವರ್ಷ ಒಂದು ಬೆಳಿಗ್ಗೆ ಲಿಫ್ಟಿನ ಗಂಟೆ ಒಂದೇ ಸಮನೆ ಹೊಡೆದುಕೊಂಡಿತು. ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಯಾರೋ ಹೆಂಗಸು ಸಿಕ್ಕಿಕೊಂಡಿದ್ದಳು. ನಾನು ಭಾವನಿಗೆ ಫೋನು ಮಾಡಿದೆ. ಪಕ್ಕದ ಬೀದಿಯಲ್ಲೇ ಇದ್ದವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಆದರೆ ಮೇಲಿನ ಮೆಷಿನ್ ರೂಮಿನ ಬೀಗದ ಕೈ ವಾಚ್‌ಮನ್ ಜೇಬಿನಲ್ಲಿ, ವಾಚ್‌ಮನ್ ಎಲ್ಲೋ ಚಹಾ ಕುಡಿಯುವುದರಲ್ಲಿ. ಅವನು ಬರುವವರೆಗೆ ಕಾಯದೆ ವಿಧಿಯಿಲ್ಲ.

ಸಿಕ್ಕಿಕೊಂಡವರು ಗಾಬರಿಯಾಗದಂತೆ ಮಾತಾಡಿಸುತ್ತಲೇ ಇರಬೇಕು, ಅದು ಭಾವನ ಕೆಲಸದ ಪದ್ಧತಿ. ನಾಲ್ಕನೇ ಮಹಡಿಯ ಲಿಫ್ಟ್ ಬಾಗಿಲ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸಂದಿಗೆ ಬಾಯಿಟ್ಟರು.

"ಏನೂ ಹೆದರ್ಬೇಡಿ ಮೇಡಂ, ಲಿಫ್ಟು ಎಲ್ಲಿಗೂ ಬೀಳಲ್ಲ. ಉಸಿರಾಡ್ತಾ ಇರಿ. ನಾನು ಒಂದು ಕಥೆ ಹೇಳ್ತೀನಿ."

ಒಳಗಿನಿಂದ ಬಾಯಿ ತುಂಬ ಹತ್ತಿ ತುರುಕಿಕೊಂಡಂಥ ದನಿ ಬಂತು. "ಹಲ್ಲು ನೋವಪ್ಪಾ. ಏನಾದ್ರೂ ಹೇಳು."

ಸರಿ, ಹೇಳಿದರು. ಕವರಿನೊಳಗೆ ಕವರು ಇಡುವುದು, ಭೂತಗನ್ನಡಿ, ಟೀಚರಮ್ಮನ ಪೊರಕೆ, ಅಕ್ಕನ ಷರತ್ತು, ಒಂದನ್ನೂ ಬಿಡಲಿಲ್ಲ. ಮನೆಯ ಗುಟ್ಟು ಸಾಕು ಎಂದು ನಾನು ಪಕ್ಕದಲ್ಲಿ ನಿಂತು ಕಣ್ಣು ಬಿಟ್ಟೆ, ಗಂಟಲು ಸರಿಮಾಡಿದೆ, ಊಹೂಂ.

"ಎಲ್ಲರೂ ಬರೀತಾರೆ ಮೇಡಂ. ಆ ಗುಳಿಕೆನ್ನೆ ಮಹಾರಾಯ್ತಿಗೆ ಮಾತ್ರ ಜಂಭ! ಒಂದು ಗೀಟು ಎಳೆಯೋಕೆ ಏನು ಕಷ್ಟ? ಅವರಿಂದಾಗಿ ನನ್ನ ಮದುವೆ ಇನ್ನೂ ಪಕ್ಕಾ ಆಗಿಲ್ಲ."

ಒಳಗೆ ಗೊಳ್ಳೆಂದು ಶಬ್ದವಾಯಿತು. ಅಳುವೋ ನಗುವೋ ಗೊತ್ತಾಗಲಿಲ್ಲ. "ನಗಿಸ್ಬೇಡಪ್ಪಾ, ಕೆನ್ನೆ ಸಿಡೀತದೆ" ಎಂದಿತು ದನಿ.

ಅಷ್ಟರಲ್ಲಿ ವಾಚ್‌ಮನ್ ಬಂದ. ಭಾವ ಮೇಲೆ ಓಡಿ, ಕರೆಂಟು ಆರಿಸಿ, ಬ್ರೇಕು ಸಡಿಲಿಸಿ ಚಕ್ರ ತಿರುಗಿಸಿದರು. ಲಿಫ್ಟು ಮೆಲ್ಲಗೆ ನಾಲ್ಕನೇ ಮಹಡಿಗೆ ಬಂದು ಕೂತಿತು. ಇಳಿದು ಬಂದು ಬಾಗಿಲು ಸರಿಸಿದರು. ಒಳಗೆ ತಲೆಗೆ ಸ್ಕಾರ್ಫ್ ಸುತ್ತಿದ, ವಯಸ್ಸಾದ ಹೆಂಗಸು. ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ಆಕೆ ಭಾವನನ್ನು ನೋಡಿ ನಕ್ಕಳು. ಊದದ ಕೆನ್ನೆಯಲ್ಲಿ ಗುಳಿ ಬಿತ್ತು.

ನಾನು "ಅಯ್ಯಯ್ಯೋ" ಅಂದೆ. ಭಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಆ ಜಂಭದ ಮಹಾರಾಯ್ತಿ ನಾನೇ" ಎಂದರು ಗುಳಿಕೆನ್ನೆ. "ನಮ್ಮನೇಲಿ ಕಾಗದಗಳನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿಬಿಡೋರು, ನನ್ನ ಕೈಗೇ ಬರ್ತಿರಲಿಲ್ಲ. ಎಲ್ಲಿ, ಪೆನ್ನು ಕೊಡು."

ನನ್ನ ಕೈಯಲ್ಲೇ ಪೆನ್ನಿತ್ತು! ಚೀಟಿಯೂ ಇತ್ತು! ಮುಂದಕ್ಕೆ ಚಾಚಿದೆ. ಭಾವ ನನ್ನ ಕೈ ತಳ್ಳಿಬಿಟ್ಟರು.

"ಬೇಡ ಮೇಡಂ. ಹೀಗೆ ಬೇಡ. ಎದುರು ನಿಂತು ಕೇಳಿದ್ರೆ ಯಾರು ತಾನೆ ಇಲ್ಲ ಅಂತಾರೆ? ಅದರಲ್ಲೂ ನಿಮ್ಮನ್ನ ಈಗಷ್ಟೇ ಲಿಫ್ಟಿಂದ ಬಿಡಿಸಿದೀನಿ, ದಾಕ್ಷಿಣ್ಯಕ್ಕೆ ಹಾಕ್ತೀರಿ. ಟಪಾಲಲ್ಲಾದ್ರೆ ಕಸದ ಬುಟ್ಟಿಗೆ ಎಸೆದ್ರೂ ಕೇಳೋರಿಲ್ಲ. ಆದ್ರೂ ಹಾಕಿದ್ರೆ, ಅದು ಮನಸಿಂದ ಹಾಕಿದ್ದು. ನನ್ನ ಆಲ್ಬಮ್ಮಲ್ಲಿ ಅಂಥವೇ ಇರೋದು." ಹೀಗೆಂದು ಅವಸರದಲ್ಲಿ ಚೀಲಕ್ಕೆ ಕೈ ಹಾಕಿ, ಒಂದು ದಪ್ಪ ಕವರು ತೆಗೆದು ಆಕೆಯ ಕೈಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಆಕೆ ಕೆನ್ನೆ ಹಿಡಿದುಕೊಂಡು ನಗುತ್ತ, ಅದನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋದರು.

ಸಂಜೆ ಅಕ್ಕನಿಗೆ ಹೇಳಿದಾಗ ಮನೆಯಲ್ಲಿ ದೊಡ್ಡ ರಂಪವೇ ಆಯಿತು. "ಇಷ್ಟು ವರ್ಷ ಬಾಗಿಲು ತಟ್ಟಿ, ಬಾಗಿಲು ತೆಗೆದಾಗ 'ಆಮೇಲೆ ಬರ್ತೀನಿ' ಅಂದ್ರಾ? ನಿಮ್ಮ ತಲೇಲಿ ಏನು ಗ್ರೀಸು ತುಂಬಿದೆಯಾ?" ನಾನೂ ಅಕ್ಕನ ಪಕ್ಷವೇ, ನಾನೂ ನಾಲ್ಕು ಸೇರಿಸಿದೆ. ಭಾವ ಮಾತ್ರ ತಣ್ಣಗೆ ನಗುತ್ತ ಚೀಲ ಬಿಚ್ಚಿ ಸ್ಪ್ಯಾನರು ಒರೆಸುತ್ತಿದ್ದರು. ಇದ್ದಕ್ಕಿದ್ದಂತೆ ಮುಖ ಸುಣ್ಣದಂತೆ ಬಿಳುಚಿತು.

ಗುಳಿಕೆನ್ನೆಗೆಂದು ಸದಾ ಸಿದ್ಧವಾಗಿಟ್ಟುಕೊಂಡಿದ್ದ ಕವರು ಚೀಲದಲ್ಲೇ ಇತ್ತು. ಇಲ್ಲದಿದ್ದದ್ದು ಪೈಲ್ವಾನರದು.

ಅವತ್ತು ಡಬ್ಬಕ್ಕೆ ಹಾಕಲು ಇಟ್ಟುಕೊಂಡಿದ್ದದ್ದು, ಒಬ್ಬ ನಿವೃತ್ತ ಪೈಲ್ವಾನರಿಗೆ ಬರೆದ ಕಾಗದ. ಒಳಗೆ ಬರಿಮೈಯಲ್ಲಿ ತೋಳು ಉಬ್ಬಿಸಿ ನಿಂತ ಅವರ ಫೋಟೊ. ಕಾಗದದಲ್ಲಿ, ಭಾವನೇ ತಲೆಗೆ ಕೈ ಹೊತ್ತು ಹೇಳಿದಂತೆ, ಹೀಗಿತ್ತು: "ತಮ್ಮ ತೊಡೆ ಮತ್ತು ತೋಳುಗಳನ್ನು ಚಿಕ್ಕಂದಿನಿಂದ ಆರಾಧಿಸುತ್ತ ಬಂದಿದ್ದೇನೆ."

"ಅದನ್ನ ಆಕೆ ಓದ್ತಾರೆ!" ಎಂದು ಭಾವ ಗೋಡೆಗೆ ಒರಗಿದರು. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ನಾನು ನೆಲಕ್ಕೆ ಕುಸಿದು ಕೂತು ನಕ್ಕೆ, ಪಕ್ಕೆ ಹಿಡಿದುಕೊಂಡಿತು. ಆಮೇಲೆ ನೋಡಿದರೆ ಭಾವ ಆಲ್ಬಮ್ಮಿನ ಖಾಲಿ ಪುಟ ತೆರೆದಿಟ್ಟುಕೊಂಡು ಕೂತಿದ್ದರು. "ಮುಗೀತು ಕಣೇ. ಇನ್ನು ಆಕೆ ಯಾಕಾದ್ರೂ ಬರೀತಾರೆ? ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ?" ಅಂದರು. ನನ್ನ ನಗು ಅಲ್ಲೇ ನಿಂತಿತು, ಪಾಪ ಅನ್ನಿಸಿತು.

ಪೈಲ್ವಾನರಿಗೆ ಹೊಸ ಕಾಗದ ಹೋಯಿತು. ಪೋಸ್ಟ್‌ಮ್ಯಾನ್ ಬಂದ, ಹೋದ. ಹಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಗೇಟಿನಿಂದಲೇ ಕೂಗಿದ. "ಅಮ್ಮಾ, ಯಜಮಾನ್ರು ಯಜಮಾನ್ರಿಗೆ ಬರೆದಿದಾರೆ!"

ಭಾವ ಕೈ ತೊಳೆದರು, ಕೂತರು, ಸೀಳಿದರು. ತೋಳು ಉಬ್ಬಿಸಿದ ಪೈಲ್ವಾನರು ಹೊರಬಂದರು. ಅವರ ಅಗಲವಾದ ಎದೆಯ ಮೇಲೆ ಹಸಿರು ಶಾಯಿಯಲ್ಲಿ, ಗುಳಿಕೆನ್ನೆಯ ಸಹಿ! ಕೆಳಗೆ: "ಈ ತೋಳು ನನ್ನದಲ್ಲ, ಸಹಿ ಮಾತ್ರ ನನ್ನದೇ." ಫೋಟೊದ ಬೆನ್ನಿಗೆ ಅಕ್ಕನಿಗೆಂದು ಇನ್ನೂ ಎರಡು ಸಾಲು ಇದ್ದವು: "ತಂಗೀ, ಕೈಗೆ ಬಂದ ಪೆನ್ನು ಬೇಡ ಅಂದ ಹುಡುಗ. ಇಂಥವನನ್ನು ನಾನು ಇನ್ನೊಬ್ಬನನ್ನು ನೋಡಿಲ್ಲ, ಒಪ್ಪಿಕೊಂಡುಬಿಡು."

"ಅಸಲಿ!" ಎಂದು ಭಾವ ಕಿರುಚಿದರು. ಮೇಜಿನ ಸುತ್ತ ಒಂದಲ್ಲ, ಎಷ್ಟೋ ಸುತ್ತು. ನಾನೂ ಸೇರಿಕೊಂಡೆ. ಪೊರಕೆ ಕುಟ್ಟಿತು, ಕುಟ್ಟಿ ಸುಸ್ತಾಯಿತು. ಕೊನೆಗೆ ಭಾವ ಬೆವರು ಒರೆಸಿಕೊಳ್ಳುತ್ತ ಅಕ್ಕನ ಮುಂದೆ ನಿಂತರು, ಅದೇ ಮೆಟ್ಟಿಲ ಮೇಲೆ ನಿಂತವರಂತೆ.

"ತರ್ಸಿಕೊಟ್ಟೆ. ಈಗೇನಂತೀಯ?"

ಅಕ್ಕ ಆ ಫೋಟೊದ ಬೆನ್ನನ್ನು ಎರಡು ಸಲ ಓದಿದಳು. ಮುಖ ಕೆಂಪಾಗಿತ್ತು. ನಾನು ಉಸಿರು ಬಿಗಿಹಿಡಿದು ನಿಂತೆ.

"ಎದುರು ನಿಂತು ಕೇಳಿದ್ರೆ ದಾಕ್ಷಿಣ್ಯಕ್ಕೆ ಹೂಂ ಅಂದ ಹಾಗಾಗುತ್ತೆ ಅಲ್ವೇ?" ಎಂದವಳು ಒಳಗೆ ಹೋಗಿಬಿಟ್ಟಳು. ಈ ಸಲ ನಾನು ನಿಜವಾಗಿಯೂ ಅವಳ ಜುಟ್ಟು ಹಿಡಿಯುವುದರಲ್ಲಿದ್ದೆ. ಭಾವನಿಗೆ ಮುಖ ಎತ್ತಲೂ ಆಗಲಿಲ್ಲ.

ಆ ವಾರ ಕಳೆಯುವುದರೊಳಗೆ ಮತ್ತೊಂದು ಕವರು ಬಂತು. ಮೇಲೆ ಭಾವನದೇ ಕೋಳಿಕಾಲು. "ಪೈಲ್ವಾನರದು" ಎಂದು ನಿರುತ್ಸಾಹದಿಂದ ಕೈ ತೊಳೆದು ಕೂತರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಉಗುರು ಕಚ್ಚುತ್ತ.

ಒಳಗಿದ್ದದ್ದು ಅವರ ಮದುವೆಯ ಫೋಟೊ. ಅಕ್ಕ ಕ್ಯಾಮೆರಾ ನೋಡಿ ನಗುತ್ತಿದ್ದಾಳೆ, ಭಾವ ಯಾವುದೋ ಲಿಫ್ಟು ಕೆಟ್ಟಿದೆ ಎನ್ನುವಂತೆ ಮೇಲೆ ನೋಡುತ್ತಿದ್ದಾರೆ. ಅದರ ಮೇಲೆ, ಸಿನಿಮಾದವರು ಹಾಕುವ ಹಾಗೆ ಓರೆಯಾಗಿ, ಅಕ್ಕನ ಸಹಿ. ಅದರ ಕೆಳಗೆ ಒಂದೇ ಮಾತು: "ಹೂಂ."

ಭಾವ ವಿಳಾಸ ಬರೆದಿಟ್ಟಿದ್ದ ಕವರೊಂದನ್ನು ಅವರ ಚೀಲದಿಂದ ಕದ್ದು ಅಕ್ಕನೇ ಡಬ್ಬಕ್ಕೆ ಹಾಕಿದ್ದಳು. ಭಾವ ಫೋಟೊವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಭೂತಗನ್ನಡಿ ಎತ್ತಿಕೊಂಡರು, ಅದು ಮಂಜಾಯಿತು, ಅಂಗಿಯಲ್ಲಿ ಒರೆಸಿ ಮತ್ತೆ ಎತ್ತಿಕೊಂಡರು. ಪೆನ್ನು ಒತ್ತಿದ ಗುರುತನ್ನು ಇಂಚಿಂಚೂ ನೋಡಿದರು.

"ಅಸಲಿ" ಅಂದರು.

ಅವತ್ತು ಮೇಜಿನ ಸುತ್ತ ಮೊದಲು ಕುಣಿದವಳು ನಮ್ಮ ಅಕ್ಕ.