ಬಾತುಕೋಳಿ ಜೋಯಿಸರು

ಷೇರುಪೇಟೆ ಏರಿದಾಗಲೆಲ್ಲ, ಎಲ್ಲರೂ ಹಿಯಾ, ಅಂದರೆ ಅಣ್ಣ, ಎಂದು ಕರೆಯುವ ವಿರೋಟ್ ಹೇಳುತ್ತಿದ್ದುದು ಒಂದೇ ಮಾತು: "ಇದು ಬಾಳೋದಲ್ಲ." ಇಪ್ಪತ್ತು ವರ್ಷ ಇದನ್ನೇ ಹೇಳಿದರೆ ಒಂದಲ್ಲ ಒಂದು ದಿನ ನಿಜವಾಗುತ್ತದೆ. ಕೆಟ್ಟ ಗಡಿಯಾರವೂ ಅಷ್ಟು ಮಾಡುತ್ತದೆ.

ಬ್ಯಾಂಕಾಕಿನ ಚೀನೀಯರ ಯೌವರಾತ್ ಬೀದಿಯ ದಲ್ಲಾಳಿ ಕಂಪನಿಯೊಂದರ ಮಹಡಿಯಲ್ಲಿ, ಷೇರು ಬೆಲೆ ಓಡುವ ಪರದೆಯ ಎದುರು, ಮೊದಲ ಸಾಲಿನ ಕುರ್ಚಿ ಅವರದು. ಸ್ಕ್ರೂ, ಬೋಲ್ಟಿನ ಅಂಗಡಿ ಮಾರಿದ ಮೇಲೆ ದಿನವೂ ಅಲ್ಲೇ ಠಿಕಾಣಿ. ವ್ಯಾಪಾರ ಮಾಡುವ ಗಿರಾಕಿಗಳಿಗೆ ಕಂಪನಿ ಮಧ್ಯಾಹ್ನದ ಊಟ ಹಾಕುತ್ತಿತ್ತು. ಹಿಯಾ ತಿಂಗಳಿಗೊಮ್ಮೆ ಬೆಳಿಗ್ಗೆ ನೂರು ಷೇರು ಕೊಂಡು, ಉಂಡು, ಸಂಜೆಯೊಳಗೆ ಮಾರಿ ಕುರ್ಚಿ ಉಳಿಸಿಕೊಳ್ಳುತ್ತಿದ್ದರು. ಒಂದು ರಾತ್ರಿಯ ಮಟ್ಟಿಗೂ ಷೇರು ಇಟ್ಟುಕೊಳ್ಳುವ ಎದೆ ಅವರಿಗಿರಲಿಲ್ಲ.

ಅವರ ಪಾಂಡಿತ್ಯದ ಮೂಲ ಇಷ್ಟೆ: ಥಾಯ್ ನಾಣ್ಯ ಬಾಹ್ತ್‌ನ ಬೆಲೆ ಕುಸಿದು ಊರಿಗೆ ಊರೇ ಮುಳುಗಿದ ವರ್ಷ ಇವರು ಮುಳುಗಿರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ತಾಯಿ ತೀರಿಕೊಂಡಿದ್ದರು. ಏಳು ದಿನದ ಕರ್ಮಕ್ಕೆ, ಪರಲೋಕದಲ್ಲಿ ಆಕೆಗೆ ಸಿಗಲೆಂದು ಚೀನೀ ಪದ್ಧತಿಯಂತೆ ಸುಡುವ ಕಾಗದದ ಮನೆಗೆ, ಕಾಗದದ ಕಾರಿಗೆ ದುಡ್ಡು ಬೇಕಾಗಿ ಇದ್ದಬದ್ದ ಷೇರನ್ನೆಲ್ಲ ಮಾರಿದ್ದರು. ತಾಯಿಗೆ ಸಲ್ಲಬೇಕಾದ ಕೀರ್ತಿಯನ್ನು ಮಗರಾಯರು ಜೇಬಿಗಿಳಿಸಿಕೊಂಡರು.

ಈ ಸಲ ಪೇಟೆ ಎರಡು ತಿಂಗಳು ಬಿಡದೆ ಏರಿತು. ಕೋಣೆಯಲ್ಲಿ ಎರಡು ಪಂಗಡವಾಯಿತು. ಪ್ರವಾಸಿಗರು ಬರುತ್ತಿದ್ದಾರೆ, ಬಾಳುತ್ತದೆ ಎಂದರು ಕೆಲವರು. ಪ್ರವಾಸಿಗರು ವಾಪಸ್ಸೂ ಹೋಗುತ್ತಾರೆ ಎಂದರು ಹಿಯಾ. ಮೀನುಂಡೆ ಮಾರಿ ಬದುಕು ಕಟ್ಟಿದ ವಿಧವೆ ಅಂಫೊನ್ ಮಾತ್ರ ಎರಡೂ ಪಂಗಡದವರ ಬಾಯನ್ನೂ ಮಿಕಿಮಿಕಿ ನೋಡುತ್ತಿದ್ದಳು. ಅವಳು ಮನೆ ಅಡವಿಟ್ಟು ಷೇರು ಕೊಂಡಿದ್ದಳು.

ಹಿಯಾ ಅವರದೊಂದು ಸೂತ್ರವಿತ್ತು: ಕಂಪನಿ ಕೊಬ್ಬಿದಾಗ ಊಟ ಕೊಬ್ಬುತ್ತದೆ, ಊಟ ಕೊಬ್ಬಿದರೆ ಪೇಟೆ ಬೀಳುತ್ತದೆ. ಒಂದು ದಿನ ಮಾಮೂಲಿ ನೂಡಲ್ಸಿನ ಬದಲು ಬಾತುಕೋಳಿ ಬಂತು, ಜೊತೆಗೆ ಹಂದಿತಲೆಯ ಮಾಂಸ. ಹಿಯಾ ಒಂದು ತೊಡೆ ಮುಗಿಸಿ, ಬಾಯಿ ಒರೆಸಿಕೊಂಡು ತೀರ್ಪಿತ್ತರು.

"ಬಾತುಕೋಳಿ ಬಂತು ಅಂದ್ರೆ ಕತೆ ಮುಗೀತು. ನಾಳೆ ಮಾರ್ಬಿಡು ಅಂಫೊನ್, ಮನೆಯಾದ್ರೂ ಉಳೀಲಿ."

ಅವಳು ಮಾರಿದಳು. ಮರುವಾರ ಪೇಟೆ ಇನ್ನೂ ಏರಿತು. ಬಾತುಕೋಳಿಯ ಗುಟ್ಟೂ ಆಗಲೇ ಬಯಲಾಯಿತು. ಗಿರಾಕಿಗಳು ಕೊಳ್ಳುವ, ಮಾರುವ ಷೇರಿನ ಲೆಕ್ಕ ಬರೆದುಕೊಳ್ಳುವ ಪಿಮ್ ಎಂಬ ಹುಡುಗಿ, ಕಡ್ಡಾಯ ಸೈನ್ಯಸೇವೆಗೆ ಚೀಟಿ ಎತ್ತುವಾಗ ತಮ್ಮನಿಗೆ ಬಿಡುಗಡೆಯ ಕಪ್ಪು ಚೀಟಿ ಬರಲೆಂದು ಗುಡಿಗೆ ಹರಕೆ ಹೊತ್ತಿದ್ದಳು. ಕಪ್ಪೇ ಬಂತು, ಹುಡುಗ ಸೈನ್ಯದಿಂದ ಪಾರಾದ. ಹರಕೆ ತೀರಿಸಲು ಗುಡಿಯಲ್ಲಿ ಎಡೆಯಿಟ್ಟ ಬಾತುಕೋಳಿ, ಹಂದಿತಲೆಯನ್ನು ಅವಳು ಎಲ್ಲರಿಗೂ ಹಂಚಿದ್ದಳು, ಅಷ್ಟೆ.

ಕೋಣೆ ಬಿದ್ದು ಬಿದ್ದು ನಕ್ಕಿತು. ಹಿಯಾಗೆ ಬಾತುಕೋಳಿ ಜೋಯಿಸರು ಎಂದು ನಾಮಕರಣವಾಯಿತು. ಅಂಫೊನ್ ನಗಲಿಲ್ಲ.

"ಹಿಯಾ, ನಿಮ್ ಕೈಲಿ ಎಷ್ಟು ಷೇರಿದೆ ಹೇಳಿ ನೋಡೋಣ. ದಡದಲ್ಲಿ ಕೂತು ಈಜೋರಿಗೆಲ್ಲ ಬುದ್ಧಿ ಹೇಳೋದೇ ಆಯ್ತು."

ಆ ಮಾತು ನಾಟಿತು. ಹೆಂಡತಿಗೂ ತಿಳಿಸದೆ, ಪಕ್ಕದ ಬೀದಿಯ ಬೇರೊಂದು ಕಂಪನಿಯಲ್ಲಿ, ಅಂಗಡಿ ಮಾರಿ ಬಂದ ಹಣವನ್ನೆಲ್ಲ ಸುರಿದು ಷೇರು ಕೊಂಡರು. ಹನ್ನೆರಡು ದಿನ ಏರಿತು. ಇಲ್ಲಿ ಬಂದು ಬಾಳೋದಲ್ಲ ಎಂದು ಗೊಣಗುವುದು, ಅಲ್ಲಿ ಹೋಗಿ ಲಾಭ ನೋಡಿ ಒಳಗೊಳಗೇ ಹಿಗ್ಗುವುದು. ಪಾಪ, ಆ ವಯಸ್ಸಿನಲ್ಲಿ ಅಷ್ಟು ಸುಖ ಅವರು ಕಂಡದ್ದೇ ಇಲ್ಲ. ಹದಿಮೂರನೆಯ ದಿನ ಪೇಟೆ ಮಗುಚಿಕೊಂಡಿತು. ವಾರ ತುಂಬುವುದರೊಳಗೆ ಅಂಗಡಿಯ ಹಣದಲ್ಲಿ ಅರ್ಧ ನೀರಾಗಿತ್ತು.

ಸೋಮವಾರ ಹಿಯಾ ಒಳಗೆ ಬಂದಾಗ ಕೋಣೆಗೆ ಕೋಣೆಯೇ ಎದ್ದು ನಿಂತಿತು. ಅಂಫೊನ್ ಜೋಡಿಸಿದ ಕೈಯನ್ನು ಹಣೆಗೆ ಮುಟ್ಟಿಸಿದಳು. ಕಣ್ಣು ತುಂಬಿತ್ತು.

"ನಿಮ್ಮಿಂದ ನನ್ ಮನೆ ಉಳೀತು ಹಿಯಾ. ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡಿ. ಸಂಜೆ ಮೀನುಂಡೆ ತಗೊಂಡು ನಿಮ್ಮನೆಗೆ ಬರ್ತೀನಿ. ನಿಮ್ ಯಜಮಾನ್ರು ಎಂಥಾ ಜಾಣರು ಅಂತ ಅತ್ತಿಗೇಗೂ ಹೇಳ್ಬೇಕು."

"ಬೇಡ ಬೇಡ, ಅವಳಿಗಿನ್ನೂ ಗೊತ್ತಿಲ್ಲ" ಎಂದುಬಿಟ್ಟರು ಹಿಯಾ.

"ಏನು ಗೊತ್ತಿಲ್ಲ?" ಎಂದು ಅಂಫೊನ್ ಕೇಳಿದಳು.

ಕೋಣೆಯವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.